ಕಾಡಜ್ಜಿಯ ಮೊಮ್ಮಕ್ಕಳು

ಸೌತೆಕಾಯಿ ಮೇಡಂ ಎಂದರೆ ಆ ಸಂಶೋಧನಾ ಕೇಂದ್ರದಲ್ಲಿ ಗೇಟು ಕಾಯುವವನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರಿಗೂ ಗೊತ್ತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಅವಳಿಗೇನೂ ಬೇಸರವಿರಲಿಲ್ಲ ಅನ್ನಿ. ಪಕ್ಕದ ಕೋಣೆಯ ವಿಜ್ಞಾನಿಯನ್ನು ಎಲ್ಲರೂ ಬದನೆಕಾಯಿ ಸಾರ್ ಎಂದು ಕರೆಯುತ್ತಿದ್ದರು, ಅದೂ ಮುಖದ ಮೇಲೆಯೇ. ಅದಕ್ಕಿಂತ ಸೌತೆಕಾಯಿ ಎಷ್ಟೋ ವಾಸಿ.

ಅವಳ ಹಸಿರುಮನೆಯ ಬಾಗಿಲು ತೆರೆದ ಕೂಡಲೇ ಎದುರಿಗೆ ಕಾಣುತ್ತಿದ್ದುದು ಗೋಡೆಗಂಟಿಸಿದ ಒಂದು ವಂಶವೃಕ್ಷ. ಎಲ್ಲಕ್ಕಿಂತ ಮೇಲೆ ಎಡಗಡೆ ಕಾಡಜ್ಜಿ. ಬೆಟ್ಟದ ತಪ್ಪಲಿನಿಂದ ಬೇರುಸಮೇತ ಎತ್ತಿಕೊಂಡು ಬಂದ ಕಾಡು ಸೌತೆ ಅದು. ಕಾಯಿ ಹೆಬ್ಬೆರಳಿನಷ್ಟು, ಕಹಿ ಮಾತ್ರ ಬೆಟ್ಟದಷ್ಟು. ಆದರೆ ಎಲೆಗೆ ಬೂದಿಯಂತೆ ಹತ್ತುವ ರೋಗ ಊರೆಲ್ಲ ಬಂದು ಹೋದರೂ ಕ್ಯಾರೇ ಅನ್ನದ ಗಟ್ಟಿಗಿತ್ತಿ. ಬಲಗಡೆ ಸಾಧು ತಾತ. ತಿನ್ನಲು ಬಲು ಸಿಹಿ, ಮೈ ಮಾತ್ರ ನಾಜೂಕು, ಸ್ವಲ್ಪ ತೇವವಾದರೆ ಸಾಕು ಹಾಸಿಗೆ ಹಿಡಿಯುವ ಜಾತಿ. ಇವರಿಬ್ಬರಿಗೆ ಗಂಟು ಹಾಕಿದವಳು ಮೇಡಮ್ಮೇ. ಬೆಳಗಿನ ಹೊತ್ತು ಸಣ್ಣ ಕುಂಚದಲ್ಲಿ ತಾತನ ಪರಾಗ ತೆಗೆದು ಅಜ್ಜಿಯ ಹೂವಿಗೆ ಸವರಿ, ಬೇರೆ ಯಾವ ದುಂಬಿಯೂ ಮೂಗು ತೂರಿಸದಂತೆ ಹೂವಿಗೆ ಕಾಗದದ ಟೋಪಿ ಹಾಕಿದ್ದಳು. ಮಕ್ಕಳಾದವು. ಆ ಮಕ್ಕಳ ಹೂವನ್ನು ಅವುಗಳದೇ ಪರಾಗದಿಂದ ಕಟ್ಟಿಸಿದಾಗ ಮೊಮ್ಮಕ್ಕಳಾದವು. ಗಿಡಗಳಿಗೆ ನಮ್ಮ ಹಾಗೆ ನಾಚಿಕೆ ಮಾನ ಮರ್ಯಾದೆ ಏನೂ ಇಲ್ಲ ನೋಡಿ, ಅದಕ್ಕೇ ವಿಜ್ಞಾನ ಇಷ್ಟು ಮುಂದುವರಿದಿದೆ. ಇನ್ನೂರಕ್ಕೂ ಹೆಚ್ಚು ಮೊಮ್ಮಕ್ಕಳು ಈಗ ದಾರ ಹಿಡಿದು ಚಾವಣಿಯತ್ತ ಹತ್ತುತ್ತಿದ್ದವು.

ಅವಳ ಆಸೆ ಸಣ್ಣದು. ಅಜ್ಜಿಯ ಗಟ್ಟಿತನ ಬೇಕು, ಅಜ್ಜಿಯ ಕಹಿ ಬೇಡ. ಅದಕ್ಕೆ ಕಹಿಯ ವಂಶವಾಹಿ ಎಲ್ಲಿ ಕೂತಿದೆ ಎಂದು ಗೊತ್ತಾಗಬೇಕು. ದಾರಿಯೂ ಸರಳವೇ. ಪ್ರತಿ ಮೊಮ್ಮಗುವಿನ ಕಾಯಿ ತಿಂದು ಕಹಿಯೋ ಸಿಹಿಯೋ ಬರೆಯುವುದು. ಅದರ ಎಲೆಯ ಚೂರನ್ನು ಪ್ರಯೋಗಾಲಯಕ್ಕೆ ಕೊಟ್ಟು, ಅಜ್ಜಿಯಿಂದ ಬಂದ ಗುರುತುಗಳಾವುವು, ತಾತನಿಂದ ಬಂದವಾವುವು ಎಂದು ಪಟ್ಟಿ ಮಾಡಿಸುವುದು. ಕಹಿ ಇರುವಲ್ಲೆಲ್ಲ ತಪ್ಪದೆ ಕಾಣಿಸಿಕೊಳ್ಳುವ ಗುರುತು ಯಾವುದೋ, ಅದರ ಅಕ್ಕಪಕ್ಕದಲ್ಲೇ ಕಹಿಯ ಮನೆ. ಯಾರು ಯಾರ ಜೊತೆ ಓಡಾಡುತ್ತಾರೆ ಎಂದು ನೋಡಿ ಅವರ ಬೀದಿ ಪತ್ತೆ ಹಚ್ಚಿದ ಹಾಗೆ.

ಸರಳವಾಗಿದ್ದರೆ ಕತೆ ಯಾಕೆ ಹೇಳಬೇಕಿತ್ತು? ಕಹಿಯ ಮನೆ ತೋರಿಸುವ ನಕ್ಷೆ ಬರಲಿಲ್ಲ. ಕಂಪ್ಯೂಟರಿಗೆ ಎಷ್ಟು ಸಲ ಉಣಿಸಿದರೂ ಗೆರೆ ಈ ತುದಿಯಿಂದ ಆ ತುದಿಯವರೆಗೆ ಮಲಗಿಯೇ ಇತ್ತು. ಒಂದು ಕಡೆಯೂ ತಲೆ ಎತ್ತಲಿಲ್ಲ.

ಶುಕ್ರವಾರ ಬೆಳಿಗ್ಗೆ ನಿರ್ದೇಶಕರು ಬಂದು ಬಾಗಿಲಲ್ಲೇ ನಿಂತರು.

"ನೋಡಮ್ಮ, ದಪ್ಪಮೆಣಸಿನಕಾಯಿಯೋರು ಜಾಗ ಕೇಳಿ ಕೇಳಿ ನನ್ನ ತಲೆ ತಿಂತಿದ್ದಾರೆ. ಸೋಮವಾರದೊಳಗೆ ನಕ್ಷೆ ತೋರಿಸಿದ್ರೆ ಸರಿ. ಇಲ್ದಿದ್ರೆ ಬಳ್ಳಿ ಕೀಳಿಸಿಬಿಡ್ತೀನಿ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳಬೇಡವಂತೆ! ಮೂರು ವರ್ಷ ಸಾಕಿದ ಸಂಸಾರವನ್ನು ಬೇರುಸಹಿತ ಕಿತ್ತು ಗೊಬ್ಬರದ ಗುಂಡಿಗೆ ಹಾಕುತ್ತಾರಂತೆ, ಬೇಜಾರು ಮಾಡಿಕೊಳ್ಳಬಾರದಂತೆ. ಅವರು ಅತ್ತ ಹೋಗುತ್ತಲೇ ಅವಳ ಸಿಟ್ಟು ಸೀದಾ ಗೊಣಗಪ್ಪನ ಮೇಲೆ ತಿರುಗಿತು.

ಗೊಣಗಪ್ಪ ಅವಳ ಸಹಾಯಕ. ನಲವತ್ತರ ಗಂಡಸು, ಕೆಲಸದಲ್ಲಿ ಚುರುಕು, ಬಾಯಲ್ಲಿ ಒಂದೇ ಸಮನೆ ಗೊಣಗಾಟ. ಬಿಸಿಲಿದ್ದರೆ ಬಿಸಿಲೆಂದು, ಮೋಡವಿದ್ದರೆ ಮೋಡವೆಂದು. ಕಾಯಿ ತಿಂದು ನೋಡುವ ಕೆಲಸವನ್ನು ಇಬ್ಬರೂ ಹಂಚಿಕೊಂಡಿದ್ದರು. ಯಾವ ದಿನ ಯಾರಿಗೆ ಬಿಡುವೋ ಅವರು ತಿನ್ನುವುದು, ಹಾಳೆಯಲ್ಲಿ ಬರೆಯುವುದು.

"ನಾಲ್ಕು ಬಳ್ಳಿ ತಿಂದ್ರೆ ಮೂರು ಕಹಿ ಅಂತ ಗೊಣಗ್ತಿರ್ತೀರ. ನಿಮಗೆ ಟೀನೂ ಕಹಿ, ಭಾನುವಾರಾನೂ ಕಹಿ!" ಅಂದಳು ಅವಳು. "ಮಕ್ಕಳ ಕಾಯಿ ನಾನೇ ಖುದ್ದಾಗಿ ತಿಂದು ನೋಡಿದೀನಿ, ಒಂದೂ ಕಹಿ ಇರಲಿಲ್ಲ. ಅಂದ್ಮೇಲೆ ಕಹಿ ಅನ್ನೋದು ಬಚ್ಚಿಟ್ಟುಕೊಳ್ಳೋ ಗುಣ. ಮೊಮ್ಮಕ್ಕಳಲ್ಲಿ ನಾಲ್ಕರಲ್ಲಿ ಒಂದಕ್ಕೆ ಬರಬೇಕು. ನಾನು ತಿಂದಿದ್ರಲ್ಲಿ ಹೆಚ್ಚುಕಮ್ಮಿ ಹಾಗೇ ಬರ್ತಿದೆ. ಎಡವಟ್ಟಾಗಿರೋದು ನಿಮ್ಮ ಕಡೆ."

"ಕಹಿ ಇದ್ದಿದ್ದನ್ನ ಕಹಿ ಅನ್ನದೆ ಜೇನುತುಪ್ಪ ಅನ್ನಲಾ ಮೇಡಂ?" ಗೊಣಗಪ್ಪನಿಗೂ ಮೂಗಿನ ತುದಿಗೆ ಸಿಟ್ಟು ಬಂತು. "ನಾನೇನು ಖುಷಿಗೆ ತಿಂತಿದ್ನಾ? ರಾತ್ರಿ ಊಟಾನೂ ಸೇರ್ತಿರಲಿಲ್ಲ ನನಗೆ!"

ಬಿರಬಿರನೆ ಒಳಗೆ ಹೋದವನು ಒಂದು ಕಾಯಿ ಕಿತ್ತು ತಂದು, ಮೇಜಿನ ಮೇಲಿಟ್ಟು ಮೂರು ಹೋಳು ಮಾಡಿದ. ಒಂದು ಅವಳ ಕೈಗೆ, ಒಂದು ತನ್ನ ಬಾಯಿಗೆ. ಅವಳು ಕರುಮ್ ಎಂದು ಕಡಿದಳು. ತಣ್ಣಗೆ ನೀರುನೀರಾಗಿ ಸೊಗಸಾಗಿತ್ತು. ಇವನೋ ಕಿಟಕಿಗೆ ಓಡಿ ಥೂ ಥೂ ಎಂದು ಉಗಿಯುತ್ತಿದ್ದ.

"ನಾಟಕ ಆಡಬೇಡಿ!"

"ನಾಟಕಾನಾ? ಕರೀರಿ ಬದನೆಕಾಯಿ ಸಾರ್‌ನ!"

ಬದನೆಕಾಯಿ ಸಾರ್ ಟೀ ಲೋಟ ಹಿಡಿದೇ ಬಂದರು. ಜಗಳವೆಂದರೆ ಅವರಿಗೆ ಪ್ರಾಣ. ಉಳಿದ ಹೋಳನ್ನು ಬಾಯಿಗೆ ಹಾಕಿಕೊಂಡವರೇ, ಬೇರೆಲ್ಲೂ ಜಾಗ ಕಾಣದೆ ತಮ್ಮ ಟೀ ಲೋಟಕ್ಕೇ ಉಗಿದುಬಿಟ್ಟರು. "ಅಯ್ಯಯ್ಯೋ! ಏನಮ್ಮಾ ಇದು, ವಿಷ ಬೆಳೀತಿದ್ದೀಯಾ?"

ಅಷ್ಟು ಹೊತ್ತಿಗೆ ಅವಳು ತನ್ನ ಹೋಳನ್ನು ಸಿಪ್ಪೆಸಮೇತ ಮುಗಿಸಿದ್ದಳು. ಇಬ್ಬರೂ ಅವಳನ್ನೇ ದುರುಗುಟ್ಟಿ ನೋಡತೊಡಗಿದರು. ಅವಳು ಬರಿದಾದ ತನ್ನ ಅಂಗೈಯನ್ನು ನೋಡಿಕೊಂಡಳು. ತಪ್ಪು ಗೊಣಗಪ್ಪನ ಗೊಣಗಾಟದಲ್ಲಿ ಇರಲಿಲ್ಲ. ಅವಳ ಬಾಯಲ್ಲೇ ಇತ್ತು.

ಕಾಡಜ್ಜಿಯಷ್ಟು ಉಗ್ರವಾದ ಕಹಿಯಾದರೆ ಅವಳಿಗೆ ತಿಳಿಯುತ್ತಿತ್ತು. ಸಾಧಾರಣ ಕಹಿ ಅವಳ ನಾಲಿಗೆಗೆ ತಾಗುತ್ತಲೇ ಇರಲಿಲ್ಲ. ಕೆಲವರು ಹುಟ್ಟುತ್ತಲೇ ಹಾಗಿರುತ್ತಾರೆಂದು ಓದಿದ್ದಳು, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದಳು. ಆ ಕೆಲವರಲ್ಲಿ ತಾನೂ ಒಬ್ಬಳೆಂದು ಕನಸಿನಲ್ಲೂ ನೆನೆಸಿರಲಿಲ್ಲ. ಆ ಹಾಳೆಯ ವಿಷಯದಲ್ಲಿ ಅವಳಿಗೆ ಎಷ್ಟು ಹೆಮ್ಮೆಯಿತ್ತು! ಬಳ್ಳಿ ಯಾವುದು, ಸಾಲು ಯಾವುದು, ಕಾಯಿಯ ಉದ್ದ, ತಾರೀಕು, ಆ ದಿನದ ಬಿಸಿಲು, ಎಲ್ಲಕ್ಕೂ ಒಂದೊಂದು ಕಾಲಂ. ಯಾರ ನಾಲಿಗೆ ಎಂಬ ಕಾಲಂ ಮಾತ್ರ ಇರಲಿಲ್ಲ. ಎರಡು ನಾಲಿಗೆಯ ಫಲಿತಾಂಶ ಒಂದರೊಳಗೊಂದು ಕಲಸಿಹೋಗಿತ್ತು, ಬೇರ್ಪಡಿಸುವ ಹಾಗೇ ಇರಲಿಲ್ಲ.

"ಗೊಣಗಪ್ಪನೋರೇ, ನನ್ನದೇ ತಪ್ಪು. ನಿಮ್ಮನ್ನ ಸುಮ್ಸುಮ್ನೆ ಬೈದೆ," ಅಂದಳು.

ಅವನು ಬಾಯಿ ಒರೆಸಿಕೊಂಡ. "ಬೈದಿದ್ದು ಬಿಡಿ ಮೇಡಂ. ಇನ್ನೂರು ಕಾಯಿ ಮತ್ತೆ ತಿನ್ನಬೇಕಲ್ಲ ನಾನು, ಅದಕ್ಕೇನು ಮಾಡ್ಲಿ?"

ಆ ಸಂಜೆ ಅವಳು ನಾಲ್ಕು ಕಾಯಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು. ಎಲ್ಲ ಬೆಳಿಗ್ಗೆ ಗೊಣಗಪ್ಪ ಕಹಿಯೆಂದು ಉಗಿದ ಆ ಬಳ್ಳಿಯವೇ. ಊಟದ ಮೇಜಿನ ಮೇಲೆ ಹೋಳು ಮಾಡಿಟ್ಟಳು. ಅಪ್ಪ ತಿಂದರು, ಪಕ್ಕದ ಮನೆಯಿಂದ ಬಂದ ಸೋದರತ್ತೆಯೂ ತಿಂದಳು. ಇಬ್ಬರ ಹುಬ್ಬೂ ಅಲ್ಲಾಡಲಿಲ್ಲ.

"ಕಹಿ ಇದೆಯಾ ಅಪ್ಪ?"

"ಇದ್ರೆ ಇರ್ಲಿ ಬಿಡೇ. ನಮ್ಮ ಮನೇಲಿ ಕಹಿ ಸೌತೆಕಾಯಿ ಎಸೆದ ಇತಿಹಾಸಾನೇ ಇಲ್ಲ," ಅಂದರು ಅಪ್ಪ, ಎಂದಿನಂತೆ ಎದೆಯುಬ್ಬಿಸಿ.

"ನಮ್ಮಮ್ಮ ಹಿತ್ತಲಲ್ಲಿ ಬೆಳೀತಿದ್ಲು ನೋಡು, ಅಕ್ಕಪಕ್ಕದೋರೆಲ್ಲ ತಿಂದು ಮುಖ ಸಿಂಡರಿಸೋರು. ನಾವು ಬುಟ್ಟಿಗಟ್ಟಲೆ ತಿಂತಿದ್ವಿ. ಗಟ್ಟಿ ಜನ ಕಣೇ ನಾವು," ಅಂದಳು ಅತ್ತೆ.

ಗಟ್ಟಿ ಜನವಂತೆ! ಅವಳಿಗೆ ನಗು ತಡೆಯಲಾಗಲಿಲ್ಲ. ಕಾಗದದ ಚೂರಿನ ಮೇಲೆ ಅಜ್ಜಿ, ಅಪ್ಪ, ಅತ್ತೆ, ತಾನು ಎಂದು ಗೆರೆ ಎಳೆದು ನೋಡಿದಳು. ಅಜ್ಜಿಯಿಂದ ಬಂದ ಆಸ್ತಿ ಇದು. ಇಡೀ ವಂಶದ ಶೌರ್ಯವೆಂದರೆ ನಾಲಿಗೆಯಲ್ಲಿ ಏನೋ ಒಂದು ಕಮ್ಮಿ ಇರುವುದು, ಅಷ್ಟೇ. ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ತಾನೂ ಒಂದು ಹೋಳು ತಿಂದು, "ಪರವಾಗಿಲ್ಲ, ಚೆನ್ನಾಗಿದೆ," ಎಂದು ತಟ್ಟೆ ಎತ್ತಿಕೊಂಡು ಹೋದಳು. ಇದೊಂದು ವಿಚಿತ್ರವಾಗಿ ಕಂಡಿತು. ಅಮ್ಮ ಬೇರೆ ಮನೆಯವಳು, ಬೇರೆ ರಕ್ತ. ಅವಳಿಗೂ ಕಹಿ ತಿಳಿಯಲಿಲ್ಲವೇ? ಅಪ್ಪನಿಗೆ ಜೋಡಿ ಸರಿಯಾಗಿ ಸಿಕ್ಕಿದೆ ಎಂದುಕೊಂಡು ಸುಮ್ಮನಾದಳು. ಅಂದು ಯೋಚನೆಗೆ ಬೇರೆ ಎಷ್ಟೋ ಇತ್ತು.

ಶನಿವಾರ ಮತ್ತೆ ಮೊದಲಿನಿಂದ ಶುರು. ಹೊಸ ಹಾಳೆ, ಹೊಸ ಕಾಲಂ. ಅವಳು ಕಾಯಿ ಕತ್ತರಿಸಿ ಬಟ್ಟಲಿಗೆ ಹಾಕಿ ಕೊಡುವುದು, ಯಾವ ಬಳ್ಳಿಯದೆಂದು ಹೇಳದೆ. ಗೊಣಗಪ್ಪ ತಿಂದು, ಹೇಳಿ, ಬಾಯಿ ಮುಕ್ಕಳಿಸಿ, ಒಂದು ಚೂರು ಬ್ರೆಡ್ ಜಗಿಯುವುದು. ಬದನೆಕಾಯಿ ಸಾರ್ ನಾಲ್ಕು ಹೋಳಿಗೇ ಬಾಲ ಮುದುರಿಕೊಂಡು ಓಡಿದರು. ಮಧ್ಯಾಹ್ನದ ಹೊತ್ತಿಗೆ ಗೊಣಗಪ್ಪನ ನಾಲಿಗೆಯೂ ಕೈಕೊಟ್ಟಿತು.

"ಮೇಡಂ, ಈಗ ಬ್ರೆಡ್ಡೂ ಕಹಿ, ನೀರೂ ಕಹಿ. ನಿಮ್ಮ ಮುಖ ನೋಡಿದ್ರೂ ಕಹಿ."

ಕಾಲು ಭಾಗವೂ ಮುಗಿದಿರಲಿಲ್ಲ. ಒಂದೇ ನಾಲಿಗೆಯಿಂದ ಸೋಮವಾರದೊಳಗೆ ಮುಗಿಯುವ ಕೆಲಸವಲ್ಲ ಅದು. ಅವಳು ಕೈಚೆಲ್ಲಿ ಕೂತಿದ್ದಾಗ ಅಮ್ಮ ಊಟದ ಡಬ್ಬಿ ಹಿಡಿದು ಬಂದಳು.

"ಬೆಳಿಗ್ಗೆ ಬರೀ ಟೀ ಕುಡಿದು ಓಡಿದ್ಯಲ್ಲ, ಹಸಿವಾಗಲ್ವಾ ನಿನಗೆ?" ಎಂದು ಗೊಣಗಪ್ಪನಿಗೂ ಒಂದು ತಟ್ಟೆ ಇಟ್ಟಳು. ಅವನು ಅನ್ನವನ್ನು ಬಾಯಿಗಿಟ್ಟು ಕಣ್ಣುಮುಚ್ಚಿದ ಚೆಂದ ನೋಡಬೇಕಿತ್ತು. ಅಮ್ಮ ಚಪ್ಪಲಿ ಕಳಚಿ ಸ್ಟೂಲಿನ ಮೇಲೆ ಕೂತು, ಸುಮ್ಮನಿರಲಾರದೆ ಮೇಜಿನ ಮೇಲಿದ್ದ ಬಟ್ಟಲುಗಳಿಂದ ಒಂದೊಂದೇ ಹೋಳು ಎತ್ತಿ ಬಾಯಿಗೆ ಹಾಕಿಕೊಳ್ಳತೊಡಗಿದಳು.

"ಇದು ಚೆನ್ನಾಗಿದೆ. ಇದೂ ಪರವಾಗಿಲ್ಲ."

ಮುಖ ಎಂದಿನ ಹಾಗೆ ಶಾಂತವಾಗಿತ್ತು. ಮಗಳು ಚೂರಿ ಬಿದ್ದಿತೆಂದು ಬಗ್ಗಿದವಳು ಅಮ್ಮನ ಕಾಲನ್ನು ನೋಡಿದಳು. ಕಾಲಿನ ಬೆರಳುಗಳೆಲ್ಲ ಬಿಗಿಯಾಗಿ ಒಳಗೆ ಮುದುರಿಕೊಂಡಿದ್ದವು. ನೋಡುತ್ತಿದ್ದಂತೆಯೇ ಸಡಿಲವಾದವು. ಮತ್ತೊಂದು ಹೋಳು ಬಾಯಿಗೆ ಹೋಯಿತು, ಮತ್ತೆ ಮುದುರಿದವು.

ಅವಳು ಎದ್ದು, ಏನೂ ಆಗದವಳಂತೆ ಸಾಧು ತಾತನ ಸಿಹಿ ಹೋಳೊಂದನ್ನು ಅಮ್ಮನ ಮುಂದೆ ತಳ್ಳಿದಳು. ಬೆರಳು ಅಲ್ಲಾಡಲಿಲ್ಲ. ಕಹಿಯ ಹೋಳು ತಳ್ಳಿದಳು. ಬೆರಳು ಮುದುರಿತು. ಗೊಣಗಪ್ಪನಿಗೆ ಕಣ್ಸನ್ನೆ ಮಾಡಿದಳು. ಅವನು ತುತ್ತು ಕೈಯಲ್ಲೇ ಹಿಡಿದು ಮೇಜಿನ ಕೆಳಗೆ ಬಗ್ಗಿದ. ಇಬ್ಬರೂ ಬಟ್ಟಲಾದ ಮೇಲೆ ಬಟ್ಟಲು ಕೊಟ್ಟು ನೋಡಿದರು. ಬೆಳಿಗ್ಗೆ ಗೊಣಗಪ್ಪ ಉಗಿದದ್ದಕ್ಕೆಲ್ಲ ಅಮ್ಮನ ಬಾಯಿ "ಪರವಾಗಿಲ್ಲ" ಅನ್ನುತ್ತಿತ್ತು, ಕಾಲು ಮಾತ್ರ ಸತ್ಯ ಹೇಳುತ್ತಿತ್ತು.

"ಏನ್ರೋ ಅದು, ಇಬ್ಬರೂ ಕೆಳಗೆ ಏನು ಹುಡುಕ್ತಿದ್ದೀರ?"

"ಅಮ್ಮಾ," ಅಂದಳು ಮಗಳು. "ನಿನಗೆ ಕಹಿ ಗೊತ್ತಾಗುತ್ತೆ."

ಅಮ್ಮ ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಕಾಲನ್ನು ಸ್ಟೂಲಿನ ಕೆಳಗೆಳೆದುಕೊಂಡಳು. "ಯಾರಿಗೆ ಗೊತ್ತಾಗಲ್ಲ? ಎಲ್ಲರಿಗೂ ಗೊತ್ತಾಗುತ್ತೆ. ಹಾಗಂತ ಮುಖ ಕಿವುಚಿಕೊಂಡು ಕೂತ್ಕೋಳಕ್ಕಾಗುತ್ತಾ?"

"ನೀನು ಯಾವತ್ತೂ ಹೇಳಲೇ ಇಲ್ಲ."

"ಹೇಳಿದ್ದೆ ಕಣೇ, ಒಂದೇ ಒಂದು ಸಲ. ಮದುವೆಯಾಗಿ ಬಂದ ಹೊಸದು. ಊಟಕ್ಕೆ ಕೂತಾಗ ನಿಮ್ಮಜ್ಜಿ ಹಿತ್ತಲ ಸೌತೆಕಾಯಿ ಬಡಿಸಿದ್ರು. ಬಾಯಿಗಿಟ್ಟೆ, ಥೂ ಅಂತ ಉಗಿದೆ. ಮನೆಯೆಲ್ಲ ಬಿದ್ದು ಬಿದ್ದು ನಕ್ಕರು. ಮಹಾರಾಣಿ ಬಂದಳಪ್ಪ ನಮ್ಮ ಮನೆಗೆ, ಅಂದ್ರು ನಿಮ್ಮಜ್ಜಿ. ವರ್ಷವಿಡೀ ಮಹಾರಾಣಿ ಅಂತಾನೇ ಕರೆದ್ರು. ನಾನೂ ನೋಡಿದೆ. ಇಷ್ಟು ಕಹೀನ ಇವರೆಲ್ಲ ತುಟಿಪಿಟಕ್ಕೆನ್ನದೆ ತಿಂತಾರೆ, ಆಮೇಲೆ ಹುಟ್ಟಿದ ಸಣ್ಣ ಮಗು ನೀನೂ ತಿಂತೀಯ. ನನ್ನೊಬ್ಬಳಿಗೆ ಯಾಕೆ ಆಗಬಾರದು? ನಾನೇ ನಾಜೂಕು ಅಂದ್ಕೊಂಡು ಅಭ್ಯಾಸ ಮಾಡ್ಕೊಂಡೆ. ಈಗ ಏನೂ ಅನ್ಸಲ್ಲ."

ಏನೂ ಅನಿಸದವಳ ಕಾಲನ್ನು ಅವರಿಬ್ಬರೂ ಈಗ ತಾನೇ ನೋಡಿದ್ದರು. ಮಗಳು ಹುಟ್ಟಿದಾಗಿನಿಂದ ಅಮ್ಮನ ಪಕ್ಕದಲ್ಲೇ ಕೂತು ಉಂಡಿದ್ದಳು. ಮೇಜಿನ ಕೆಳಗೆ ಒಂದು ಸಲವೂ ನೋಡಿರಲಿಲ್ಲ.

"ಅಮ್ಮಾ, ಕೇಳು. ನಮಗೆ ಆ ಕಹಿ ತಿಳಿಯೋದೇ ಇಲ್ಲ. ಅಪ್ಪನಿಗಿಲ್ಲ, ಅತ್ತೆಗಿಲ್ಲ, ಅಜ್ಜಿಗೂ ಇದ್ದಿರಲ್ಲ, ನನಗೂ ಇಲ್ಲ. ಅದು ನಮ್ಮ ಹುಟ್ಟುಗುಣ. ಸಹಿಸಿಕೊಂಡು ತಿಂದವರು ನಮ್ಮಲ್ಲಿ ಯಾರೂ ಇಲ್ಲ. ನಿಜವಾಗಿ ಕಹಿ ತಿಂದಿದ್ದು ನೀನೊಬ್ಬಳೇ."

ಅಮ್ಮ ಅವಳ ಮುಖವನ್ನೇ ನೋಡಿದಳು. "ಏನಂದೆ?"

"ನಮಗೆ ಅದು ನೀರಿದ್ದ ಹಾಗೆ ಅಮ್ಮ."

"ನಿಮ್ಮಪ್ಪನಿಗೂ?"

"ಅಪ್ಪನಿಗೂ."

ಅಮ್ಮನಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ಆ ನೀರು ನಗುವಿನದೊಂದೇ ಆಗಿರಲಿಲ್ಲ. "ಅಯ್ಯೋ ಪಾಪಿಗಳಾ!" ಅಂದಳು. "ಇಷ್ಟು ವರ್ಷ! ಅಯ್ಯೋ ಪಾಪಿಗಳಾ!"

ಮಗಳು ಅವಳನ್ನು ತಬ್ಬಿಕೊಂಡಳು, ಆಮೇಲೆ ಒಂದು ಬಟ್ಟಲನ್ನು ಮುಂದಿಟ್ಟಳು. "ಇವತ್ತು ಉಗಿಯಮ್ಮ. ಎಷ್ಟು ಬೇಕೋ ಅಷ್ಟು ಉಗಿ. ನೀನು ಉಗಿದ್ರೆ ನನ್ನ ಬಳ್ಳಿ ಉಳಿಯುತ್ತೆ."

ಅಮ್ಮ ಹೋಳನ್ನು ಬಾಯಿಗಿಟ್ಟಳು. ಅಭ್ಯಾಸಬಲ, ಮುಖ ಮೊದಲು ಶಾಂತವಾಗಿಯೇ ಇತ್ತು. ಆಮೇಲೆ ಒಂದು ಕಣ್ಣು ಮುಚ್ಚಿತು, ಕೆನ್ನೆ ಎಳೆದುಕೊಂಡಿತು, ಮೂಗು ಮೇಲೇರಿತು. "ಥೂ!" ಎಂದು ಅವಳು ಉಗಿದ ರಭಸಕ್ಕೆ ಪಕ್ಕದ ಕೋಣೆಯಿಂದ ಬದನೆಕಾಯಿ ಸಾರ್ ಹೆದರಿ ಇಣುಕಿದರು.

ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಗೊಣಗಪ್ಪ ಹತ್ತು ತಿಂದು ಸುಧಾರಿಸಿಕೊಳ್ಳುವಾಗ ಅಮ್ಮ ಹತ್ತು ತಿನ್ನುವುದು, ಅವಳು ಬ್ರೆಡ್ ಜಗಿಯುವಾಗ ಇವನು. "ಥೂ, ಇದು ಕಹಿ ಬರ್ಕೋ. ಅಬ್ಬಬ್ಬಾ, ಇದನ್ನ ಎರಡು ಸಲ ಬರ್ಕೋ!" ಒಂದೊಂದು ಕಹಿಗೂ ಒಂದೊಂದು ಮುಖ. ಶನಿವಾರ ಮುಗಿಯಿತು, ಭಾನುವಾರ ಬೆಳಿಗ್ಗೆ ಮಗಳಿಗಿಂತ ಮೊದಲೇ ಅಮ್ಮ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

ಮೇಡಂ ಒಂದು ಬುದ್ಧಿವಂತಿಕೆ ಮಾಡಿದಳು. ಪ್ರತಿ ಕಾಯಿಯನ್ನು ತಾನೂ ತಿಂದು ತನ್ನ ನಾಲಿಗೆಗೂ ಒಂದು ಕಾಲಂ ಹಾಕಿದಳು. ಸಂಜೆ ನೋಡಿದರೆ ಲೆಕ್ಕ ಮೂರು ಪಾಲಾಗಿತ್ತು. ಎಲ್ಲರಿಗೂ ಸಿಹಿಯಾದವು ಒಂದಿಷ್ಟು, ಅಮ್ಮನಿಗೋ ಗೊಣಗಪ್ಪನಿಗೋ ಮಾತ್ರ ಕಹಿಯಾದವು ಬಹಳಷ್ಟು, ಅವಳಿಗೂ ಕಹಿಯಾದವು ಒಂದಿಷ್ಟು. ಕಾಡಜ್ಜಿಯ ಕಹಿಯ ವಂಶವಾಹಿ ಒಂದೇ ಪ್ರತಿ ಬಂದ ಮೊಮ್ಮಕ್ಕಳು ಸಾಧಾರಣ ಕಹಿ, ಎರಡೂ ಪ್ರತಿ ಬಂದವು ಉಗ್ರ ಕಹಿ. ಆ ಉಗ್ರ ಕಹಿಯೊಂದನ್ನೇ ಹಿಡಿಯುವ ಅವಳ ಮೊಂಡು ನಾಲಿಗೆಯೂ ಕೊನೆಗೆ ಕೆಲಸಕ್ಕೆ ಬಂತು. ಕಂಪ್ಯೂಟರಿಗೆ ಉಣಿಸಿದಳು. ಇಷ್ಟು ದಿನ ಮಲಗಿದ್ದ ಗೆರೆ ಐದನೆಯ ವರ್ಣತಂತುವಿನ ಮೇಲೆ ಒಂದೇ ಒಂದು ಕಡೆ ಎದ್ದು ನಿಂತಿತು.

ನಿರ್ದೇಶಕರು ಕೇಂದ್ರದ ಕ್ವಾರ್ಟರ್ಸಿನಲ್ಲೇ ಇದ್ದರು, ಮನೆಯ ಚಪ್ಪಲಿಯಲ್ಲೇ ಬಂದರು. ಪರದೆಯನ್ನು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಭಲೇ!" ಅಂದರು. ಖುಷಿಯಲ್ಲಿ ಮೇಜಿನ ಮೇಲಿದ್ದ ಹೋಳನ್ನು ಬಾಯಿಗೆ ಹಾಕಿಕೊಂಡು ನಲ್ಲಿಯ ಕಡೆಗೆ ಓಡಿದರು. ಅಲ್ಲಿಂದಲೇ ಕೂಗಿದರು: "ಬಳ್ಳಿ ಇರ್ಲಿ! ಮೆಣಸಿನಕಾಯಿಯೋರು ಕಾಯಲಿ!"

ಗೊಣಗಪ್ಪ ನಕ್ಕಿದ್ದನ್ನು ಆ ಕೇಂದ್ರದಲ್ಲಿ ಮೊದಲ ಸಲ ಎಲ್ಲರೂ ನೋಡಿದರು.

ರಾತ್ರಿ ಊಟಕ್ಕೆ ಅತ್ತೆಯೂ ಬಂದಿದ್ದಳು. ಮೇಜಿನ ಮೇಲೆ ಉಳಿದ ಸೌತೆ ಹೋಳುಗಳಿದ್ದವು. ಮಗಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಕಾಗದದ ಮೇಲೆ ಗೆರೆ ಎಳೆದು ತೋರಿಸಿದಳು. ಅತ್ತೆ ಒಪ್ಪಲಿಲ್ಲ. "ಹೋಗೇ, ನಮ್ಮದು ಗಟ್ಟಿ ನಾಲಿಗೆ," ಅಂದಳು. ಅಪ್ಪ ಮಾತ್ರ ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದರು. ಆಮೇಲೆ ಅಮ್ಮನ ಕಡೆ ತಿರುಗಿದರು.

"ನಾನೂ ನಕ್ಕಿದ್ನಾ ಆವತ್ತು?"

"ಎಲ್ಲರಿಗಿಂತ ಜೋರಾಗಿ," ಅಂದಳು ಅಮ್ಮ.

ಅಪ್ಪನ ಮುಖ ಸಣ್ಣದಾಯಿತು. ಅಮ್ಮ ಅಭ್ಯಾಸದಂತೆ ತಟ್ಟೆಯಿಂದ ಒಂದು ಹೋಳು ಎತ್ತಿಕೊಂಡಿದ್ದಳು. ಅವರು ಕೈ ಚಾಚಿ ಅದನ್ನು ಅವಳ ಬೆರಳ ನಡುವಿನಿಂದ ಬಿಡಿಸಿಕೊಂಡರು, ಅವಳ ತಟ್ಟೆಯಲ್ಲಿದ್ದ ಉಳಿದವನ್ನೂ ಒಂದೊಂದಾಗಿ ಹೆಕ್ಕಿ ತಮ್ಮ ತಟ್ಟೆಗೆ ಹಾಕಿಕೊಂಡರು.

"ಇನ್ಮೇಲೆ ನಿನ್ನ ಪಾಲಿಂದೂ ನಾನೇ ತಿಂತೀನಿ," ಅಂದರು. "ನನಗೇನು ಕಷ್ಟ."

ಮೇಜಿನ ಕೆಳಗೆ ಮಗಳು ಬಗ್ಗಿ ನೋಡಿದಳು. ಅಮ್ಮನ ಕಾಲ್ಬೆರಳುಗಳು ಆರಾಮವಾಗಿ ಚಾಚಿಕೊಂಡಿದ್ದವು.